ಬೆನ್ನಿಗೊಂದು ಪೋಸ್ಟರ್

ಬೆನ್ನು ನೋವಿನ ಬಗ್ಗೆ ನಮ್ಮಷ್ಟು ಮಾತಾಡೋ ಜನ ಬೇರೆ ಯಾರೂ ಇರಲಿಕ್ಕಿಲ್ಲ. ನಮ್ಮಷ್ಟು ಅಂದ್ರೆ, ಕುರ್ಚಿ ಮೇಲೆ ಕೂತು ಸಂಬಳ ತಗೊಳ್ಳೋರು. ಎಲ್‌ಫೋರ್, ಎಲ್‌ಫೈವ್ ಅನ್ನೋದು ನಮ್ಮ ಬಾಯಲ್ಲಿ ಮೆಟ್ರೋ ಸ್ಟೇಷನ್ ಹೆಸರಿನಷ್ಟು ಸಲೀಸಾಗಿ ಬರುತ್ತೆ. ಯಾವ ಕುರ್ಚಿ ಒಳ್ಳೇದು, ಯಾವ ಫಿಸಿಯೋ ಕೈಗುಣ ಚೆನ್ನಾಗಿದೆ, ನಿಂತು ಕೆಲಸ ಮಾಡೋ ಟೇಬಲ್ಲು ತಗೊಂಡ್ರೆ ಕಂಪನಿ ದುಡ್ಡು ವಾಪಸ್ ಕೊಡುತ್ತಾ, ಲಂಚ್ ಟೇಬಲ್ಲಿನಲ್ಲಿ ವಾರಕ್ಕೊಂದು ಸಲ ಈ ಚರ್ಚೆ ಆಗಲೇಬೇಕು.

ನಾನು ಕೆಲಸ ಮಾಡೋದು ಆನ್‌ಲೈನಿನಲ್ಲಿ ದಿನಸಿ ಮಾರೋ ಒಂದು ಕಂಪನಿಯ ಗೋದಾಮಿನಲ್ಲಿ, ನೆಲಮಂಗಲದ ಆಚೆ. ಕಂಪನಿ ಹೆಸರು ಬೇಡ ಬಿಡಿ. ಮೇಲಿನ ಅಂತಸ್ತಿನಲ್ಲಿ ಗಾಜಿನ ಗೋಡೆಯ ಆಫೀಸು. ಅಲ್ಲಿ ನಾವು. ಕೆಳಗೆ ಸಾಲು ಸಾಲು ರ್‍ಯಾಕುಗಳು, ನಡುವೆ ಟ್ರಾಲಿ ತಳ್ಳುತ್ತಾ ಓಡಾಡೋ ಹುಡುಗರು, ಹುಡುಗೀರು. ನೀವು ರಾತ್ರಿ ಹನ್ನೊಂದಕ್ಕೆ ಆ್ಯಪಿನಲ್ಲಿ ಒತ್ತಿದ ಅಕ್ಕಿ ಮೂಟೆ, ಎಣ್ಣೆ ಕ್ಯಾನು, ಡಿಟರ್ಜೆಂಟ್ ಚೀಲ ಎಲ್ಲವನ್ನೂ ಎತ್ತಿ ಇಡೋರು ಅವರು. ನನ್ನ ಹುದ್ದೆ ಪ್ರಾಸೆಸ್ ಅನಲಿಸ್ಟ್. ಅಂದ್ರೆ ಅವರು ಎತ್ತಿದ್ದನ್ನ ನಾನು ಎಕ್ಸೆಲ್‌ನಲ್ಲಿ ಎಣಿಸ್ತೀನಿ.

ಹೋದ ವರ್ಷ ಮೇಲಿನ ಆಫೀಸಿಗೆಲ್ಲ ಹೊಸ ಎರ್ಗನಾಮಿಕ್ ಕುರ್ಚಿ ಬಂತು. ಅದೇ ತಿಂಗಳು ಕೆಳಗಿನವರ ಗೈರುಹಾಜರಿ ಜಾಸ್ತಿ ಆಗಿದೆ ಅಂತ ಒಂದು ಮೇಲ್ ಬಂತು. ಸೊಂಟ ಹಿಡ್ಕೊಂಡಿದೆ, ಕೈ ಉಳುಕಿದೆ, ಕಾಲು ಹೊರಳಿದೆ, ಇವೇ ಕಾರಣ. ಅದಕ್ಕೆ ನನಗೆ ಬಂದ ಕೆಲಸ: ಅರ್ಧ ಗಂಟೆಯ ಟ್ರೈನಿಂಗು, ಜೊತೆಗೊಂದು ಪೋಸ್ಟರ್. ಆ ಪೋಸ್ಟರನ್ನ ನೀವೂ ನೋಡಿರ್ತೀರ. ಹಸಿರು ಬಣ್ಣದ ಒಬ್ಬ ಮನುಷ್ಯ ಮಂಡಿ ಬಗ್ಗಿಸಿ, ಬೆನ್ನು ನೆಟ್ಟಗಿಟ್ಟು ಡಬ್ಬ ಎತ್ತುತ್ತಿರುತ್ತಾನೆ. ಪಕ್ಕದಲ್ಲಿ ಕೆಂಪು ಬಣ್ಣದವನು ಸೊಂಟ ಬಗ್ಗಿಸಿ ಎತ್ತುತ್ತಿರುತ್ತಾನೆ. ಒಬ್ಬನಿಗೆ ರೈಟು, ಇನ್ನೊಬ್ಬನಿಗೆ ತಪ್ಪು. ಅಷ್ಟೇ ವಿಷಯ.

ಡಿಸೈನರ್ ಕಳಿಸಿದ ಡ್ರಾಫ್ಟನ್ನ ಆ ಭಾನುವಾರ ನನ್ನ ಸೋದರಮಾವನಿಗೆ ಫೋನಿನಲ್ಲಿ ತೋರಿಸಿದೆ. ಮಾವ ಯಶವಂತಪುರದ ಮಾರ್ಕೆಟ್ ಯಾರ್ಡಿನಲ್ಲಿ ಇಪ್ಪತ್ತೆರಡು ವರ್ಷ ಹಮಾಲಿ ಕೆಲಸ ಮಾಡಿದವರು. ಕತ್ತಿನ ಹಿಂಭಾಗದಲ್ಲಿ, ಮೂಟೆ ಕೂರ್‍ತಾ ಇದ್ದ ಜಾಗದಲ್ಲಿ, ಇವತ್ತಿಗೂ ಚರ್ಮ ಒರಟಾಗಿ ದಪ್ಪಗಿದೆ. ಮದುವೆ ಮನೆಯಲ್ಲಿ ನೆಲದ ಪಂಕ್ತಿಗೆ ಕೂರೋಕೆ ಆಗಲ್ಲ. ಟೇಬಲ್ ಹಾಕಿರೋ ಕಡೆ ಹುಡುಕ್ಕೊಂಡು ಹೋಗ್ತಾರೆ, ಅದೂ ಯಾರಿಗೂ ಗೊತ್ತಾಗದ ಹಾಗೆ.

ಮಾವ ಕನ್ನಡಕ ಹಾಕ್ಕೊಂಡು ಪೋಸ್ಟರ್ ನೋಡಿ ನಕ್ಕರು. "ಇವನ್ಯಾರಮ್ಮ, ನೆಲದಿಂದ ಎತ್ತುತಾ ಇದಾನೆ?"

"ಯಾಕೆ ಮಾವ, ತಪ್ಪಾ?"

"ಒಬ್ಬನೇ ನೆಲದಿಂದ ಮೂಟೆ ಎತ್ತೋನು ಹಮಾಲಿ ಅಲ್ಲ ಕಣಮ್ಮ, ಹುಚ್ಚ. ಮೂಟೆ ನೆಲ ನೋಡಬಾರ್ದು."

ಆಮೇಲೆ ಕೂತು ವಿವರಿಸಿದರು. ಲಾರಿ ಹಿಂಭಾಗದ ಹಲಗೆ ಬಿಚ್ಚಿದರೆ ಲಾರಿಯ ತಳ ಹೆಚ್ಚುಕಡಿಮೆ ಎದೆ ಮಟ್ಟಕ್ಕೆ ಬರುತ್ತೆ. ಮೇಲೆ ಇಬ್ಬರು ನಿಂತು ಮೂಟೆಯನ್ನ ಅಂಚಿಗೆ ಎಳೀತಾರೆ, ಹೊರೋನು ಬೆನ್ನು ಕೊಟ್ಟು ನಿಲ್ತಾನೆ, ಮೂಟೆ ಅವನ ಬೆನ್ನಿಗೆ ಬಂದು ಕೂರುತ್ತೆ. ಅವನು ಎತ್ತೋದೇ ಇಲ್ಲ. ಹೊರ್ತಾನೆ, ನಡೀತಾನೆ, ಅಟ್ಟಿ ಹತ್ರ ಹೋಗಿ ಅಷ್ಟೇ ಎತ್ತರದಲ್ಲಿ ಜಾರಿಸ್ತಾನೆ. ಅಟ್ಟಿ ಬೆಳೆದ ಹಾಗೆ ಹಲಗೆ ಹಾಕ್ಕೊಂಡು ಮೇಲೆ ಹತ್ತಬೇಕು. ಅಕಸ್ಮಾತ್ ಮೂಟೆ ನೆಲಕ್ಕೆ ಬಿತ್ತೋ, ಮತ್ತೆ ಎಬ್ಬಿಸೋಕೆ ಇಬ್ಬರು ಬರಲೇಬೇಕು. ಇದು ಯಾರೂ ಬರೆದಿಟ್ಟ ನಿಯಮ ಅಲ್ಲ. ಹೊಸಬ ಹುಡುಗ ಜಂಬಕ್ಕೆ ಒಬ್ಬನೇ ಎತ್ತೋಕೆ ಹೋದರೆ ಮೇಸ್ತ್ರಿ ಬೈತಾ ಇದ್ದರಂತೆ.

ಇದನ್ನ ಕೇಳಿದಾಗ ನನಗೆ ನೆನಪಾದದ್ದು ಹಳೇ ದಾರಿಗಳಲ್ಲಿ ಕಾಣೋ ಹೊರೆ ಇಳಿಸೋ ಕಲ್ಲು. ಎರಡು ಕಲ್ಲು ಕಂಬ ನೆಟ್ಟು, ಅದರ ಮೇಲೊಂದು ಚಪ್ಪಡಿ ಅಡ್ಡ ಇಟ್ಟಿರ್ತಾರಲ್ಲ, ಅದು. ತಮಿಳುನಾಡಿನಲ್ಲಿ ಇದಕ್ಕೆ ಸುಮೈತಾಂಗಿ ಅಂತಾರೆ. ತಲೆ ಹೊರೆ ಹೊತ್ತು ಬಂದವನು ಯಾರ ಸಹಾಯವೂ ಇಲ್ಲದೆ ಹೊರೆಯನ್ನ ಚಪ್ಪಡಿ ಮೇಲೆ ಜಾರಿಸಿ, ದಣಿವಾರಿಸಿಕೊಂಡು, ಮತ್ತೆ ತಲೆ ಕೊಟ್ಟು ಹೊರಡಬಹುದು. ಬಗ್ಗೋ ಪ್ರಶ್ನೆಯೇ ಇಲ್ಲ. ಅದನ್ನ ನೆಡಿಸಿದವರು ಹೊರೆ ಹೊತ್ತವನಿಗೆ "ಮಂಡಿ ಬಗ್ಗಿಸಪ್ಪ" ಅಂತ ಉಪದೇಶ ಮಾಡಲಿಲ್ಲ, ಹೊರೆ ಇಳಿಸೋ ಜಾಗವನ್ನೇ ಮೇಲಕ್ಕೆ ಎತ್ತಿದರು.

ಈಗ ಸ್ವಲ್ಪ ಲೆಕ್ಕ. ಹೆದರಬೇಡಿ, ಏಳನೇ ಕ್ಲಾಸಿನ ಸನ್ನೆ ಪಾಠ ಅಷ್ಟೇ. ಬೆನ್ನುಮೂಳೆಯ ಕೆಳಭಾಗವನ್ನ ಸನ್ನೆಯ ಆಧಾರ ಅಂದ್ಕೊಳ್ಳಿ. ಬೆನ್ನನ್ನ ಎಳೆದು ನಿಲ್ಲಿಸೋ ಸ್ನಾಯುಗಳು ಆ ಆಧಾರದಿಂದ ಹಿಂದಕ್ಕೆ ಸುಮಾರು 5 ಸೆಂ.ಮೀ. ದೂರದಲ್ಲಿವೆ. ನೀವು ಕೈ ಮುಂದೆ ಚಾಚಿ 50 ಸೆಂ.ಮೀ. ದೂರದಲ್ಲಿ 10 ಕೆ.ಜಿ. ಹಿಡಿದರೆ ಅದನ್ನ ಸರಿದೂಗಿಸೋಕೆ ಆ ಸ್ನಾಯುಗಳು ಅದರ ಹತ್ತು ಪಟ್ಟು, ಅಂದ್ರೆ 100 ಕೆ.ಜಿ.ಯಷ್ಟು ಬಲ ಹಾಕಿ ಎಳೀಬೇಕು. ನಿಮ್ಮ ಮೈಯ ಭಾರ ಇದರಲ್ಲಿ ಸೇರಿಲ್ಲ. ಈ ಎಳೆತವೆಲ್ಲ ಕೊನೆಗೆ ಬೀಳೋದು ಮೂಳೆಗಳ ಮಧ್ಯೆ ಇರೋ ಡಿಸ್ಕುಗಳ ಮೇಲೆ. ಆದ್ದರಿಂದ ಎಷ್ಟು ಭಾರ ಅನ್ನೋದರಷ್ಟೇ ಮುಖ್ಯ ಅದು ಮೈಯಿಂದ ಎಷ್ಟು ದೂರ ಅನ್ನೋದು. ಮಾವನ ಬೆನ್ನ ಮೇಲಿನ ಮೂಟೆ ಬೆನ್ನುಮೂಳೆಗೆ ಅಂಟಿಕೊಂಡೇ ಇರುತ್ತೆ. ನಮ್ಮ ಗೋದಾಮಿನ ಹುಡುಗ ಕೆಳಗಿನ ರ್‍ಯಾಕಿನ ಒಳಗಡೆಯಿಂದ ಬಗ್ಗಿ ಎಳೆಯೋ 12 ಕೆ.ಜಿ. ಡಬ್ಬ ಹಾಗಲ್ಲ. ಹಾಗಂತ ಮಾವನ ಕೆಲಸ ಸಲೀಸು ಅಂತ ಅಲ್ಲವೇ ಅಲ್ಲ, ಅವರ ಮಂಡಿ, ಕತ್ತು ನೋಡಿದರೆ ಗೊತ್ತಾಗುತ್ತೆ.

ಇದನ್ನೆಲ್ಲ ಒಂದು ಸಮೀಕರಣ ಮಾಡಿಟ್ಟಿದ್ದಾರೆ. ಅಮೆರಿಕದಲ್ಲಿ ಕೆಲಸಗಾರರ ಆರೋಗ್ಯದ ಸಂಶೋಧನೆಗೆ ಅಂತಲೇ ಇರೋ ನಯೋಶ್ ಅನ್ನೋ ಸರ್ಕಾರಿ ಸಂಸ್ಥೆ 1991ರಲ್ಲಿ ಅದನ್ನ ಪರಿಷ್ಕರಿಸಿತು. ಅದು ಶುರುವಾಗೋದು 23 ಕೆ.ಜಿ.ಯಿಂದ. ಎಲ್ಲವೂ ಸರಿಯಾಗಿದ್ದಾಗ, ಅಂದ್ರೆ ಭಾರ ಮೈಗೆ ಹತ್ತಿರ, ನೆಲದಿಂದ 75 ಸೆಂ.ಮೀ. ಎತ್ತರದಲ್ಲಿ, ಮೈ ತಿರುಚದೆ, ಹಿಡಿತ ಚೆನ್ನಾಗಿದ್ದು, ಅಪರೂಪಕ್ಕೊಮ್ಮೆ ಎತ್ತಿದರೆ, 23. ಇವುಗಳಲ್ಲಿ ಒಂದೊಂದು ತಪ್ಪಿದಾಗಲೂ ಆ ಸಂಖ್ಯೆ ಇಳೀತಾ ಹೋಗುತ್ತೆ.

ನಮ್ಮಲ್ಲಿ ಅತಿ ಭಾರದ ಸಾಮಾನು ಅಕ್ಕಿ ಮೂಟೆ, 26 ಕೆ.ಜಿ. ಯಾಕೆ 26 ಗೊತ್ತಾ? 2022ರ ಜುಲೈನಲ್ಲಿ 25 ಕೆ.ಜಿ.ವರೆಗಿನ ಪ್ಯಾಕ್ ಮಾಡಿದ ಅಕ್ಕಿಗೆ 5% ಜಿಎಸ್‌ಟಿ ಬಂತು. ತೆರಿಗೆ ತಪ್ಪಿಸೋಕೆ ಮಿಲ್ಲಿನವರು ಒಂದು ಕೆ.ಜಿ. ಸೇರಿಸಿದರು. ಗ್ರಾಹಕನಿಗೆ ಉಳಿತಾಯ, ಮಿಲ್ಲಿಗೆ ವ್ಯಾಪಾರ, ಎತ್ತೋನಿಗೆ ಪ್ರತಿ ಮೂಟೆಗೂ ಒಂದು ಕೆ.ಜಿ. ಬೋನಸ್ಸು!

ಆ ಮೂಟೆ ನೆಲದ ಮೇಲಿನ ಪ್ಯಾಲೆಟ್ಟಿನಲ್ಲಿ, ಕೈ ಚಾಚಿ ಹಿಡಿಯೋ ದೂರದಲ್ಲಿ, ಪಕ್ಕಕ್ಕೆ ತಿರುಗಿ ಟ್ರಾಲಿಗೆ ಹಾಕೋ ಹಾಗೆ, ಪೂರ್ತಿ ಶಿಫ್ಟು ನಿಮಿಷಕ್ಕೆರಡರಂತೆ ಅಂತ ಲೆಕ್ಕ ಹಾಕಿದೆ. ಸಮೀಕರಣ ಕೊಟ್ಟ ಉತ್ತರ 4 ಕೆ.ಜಿ. ಮತ್ತು ಚಿಲ್ಲರೆ. ಮತ್ತೊಮ್ಮೆ ಹಾಕಿದೆ. ಅಷ್ಟೇ. ಅದೇ ಮೂಟೆಯನ್ನ ತೊಡೆ ಎತ್ತರಕ್ಕೆ ತಂದು, ಮೈಗೆ ಹತ್ತಿರ ಮಾಡಿ, ತಿರುಗೋದು ತಪ್ಪಿಸಿದರೆ 11ರ ಆಸುಪಾಸು. ವೇಗವನ್ನೂ ಐದು ನಿಮಿಷಕ್ಕೊಂದು ಅಂತ ಇಳಿಸಿದರೆ 14 ದಾಟುತ್ತೆ. ಏನೇ ಮಾಡಿದರೂ 26 ಮುಟ್ಟಲ್ಲ. ಅಂದ್ರೆ ಆ ಮೂಟೆಗೆ ಇಬ್ಬರು ಬೇಕು ಇಲ್ಲಾ ಯಂತ್ರ ಬೇಕು.

ನನಗೆ ತಮಾಷೆ ಅನ್ನಿಸಿದ್ದು ಇನ್ನೊಂದು. ಆ ಸಮೀಕರಣದಲ್ಲಿ ದೂರಕ್ಕೆ, ಎತ್ತರಕ್ಕೆ, ತಿರುಚೋದಕ್ಕೆ, ಹಿಡಿತಕ್ಕೆ, ಎಷ್ಟು ಸಲ ಅನ್ನೋದಕ್ಕೆ ಎಲ್ಲಾ ಜಾಗ ಇದೆ. "ಮಂಡಿ ಬಗ್ಗಿಸಿದಿರಾ?" ಅನ್ನೋ ಕಾಲಮ್ಮೇ ಇಲ್ಲ. ಇಡೀ ಪೋಸ್ಟರ್ ನಿಂತಿರೋದೇ ಅದರ ಮೇಲೆ.

ಮಂಡಿ ಬಗ್ಗಿಸೋದು ಕೆಟ್ಟದ್ದು ಅಂತ ನಾನು ಹೇಳ್ತಾ ಇಲ್ಲ. ಮನೇಲಿ ಒಂದು ಸಲ ಸೂಟ್‌ಕೇಸ್ ಎತ್ತುವಾಗ ಖಂಡಿತ ಬಗ್ಗಿಸಿ. ದಿನಕ್ಕೆ ನೂರಾರು ಸಲ ಕುಕ್ಕರಗಾಲಲ್ಲಿ ಕೂತು ಎದ್ದು ನೋಡಿ, ಮಧ್ಯಾಹ್ನದ ಹೊತ್ತಿಗೆ ತೊಡೆ ನಡುಗುತ್ತೆ, ತಾನೇ ತಾನಾಗಿ ಸೊಂಟ ಬಗ್ಗುತ್ತೆ. ಅದು ಅಶಿಸ್ತಲ್ಲ, ಸುಸ್ತು. ಎತ್ತೋ ರೀತಿ ಕಲಿಸೋ ತರಬೇತಿಯಿಂದ ಬೆನ್ನುನೋವು ತಪ್ಪುತ್ತಾ ಅಂತ ಅಲ್ಲಿವರೆಗಿನ ಅಧ್ಯಯನಗಳನ್ನೆಲ್ಲ ಗುಡ್ಡೆ ಹಾಕಿ ನೋಡಿದ ಒಂದು ವಿಮರ್ಶೆ 2008ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ತಪ್ಪುತ್ತೆ ಅನ್ನೋದಕ್ಕೆ ಪುರಾವೆ ಸಿಗಲಿಲ್ಲ. ಸೊಂಟಕ್ಕೆ ಬಿಗಿಯೋ ಬೆಲ್ಟಿನ ಕಥೆಯೂ ಹಾಗೇ. ನೋವಿಲ್ಲದವರಿಗೆ ಅದು ರಕ್ಷಣೆ ಕೊಡುತ್ತೆ ಅನ್ನೋಕೆ ಆಧಾರ ಸಾಲದು ಅಂತ 1994ರಲ್ಲೇ ನಯೋಶ್ ಹೇಳಿದೆ. ನಮ್ಮಲ್ಲಿ ಆ ಬೆಲ್ಟಿಗೂ ಕೊಟೇಶನ್ ತರಿಸಿದ್ದರು.

ಕನ್ನಡದಲ್ಲಿ ಇದಕ್ಕೆಲ್ಲ ಇರೋದು ಒಂದೇ ಮಾತು: ಉಳುಕು. ಡಾಕ್ಟರು ಎರಡು ಮಾಡ್ತಾರೆ. ಸ್ನಾಯು ಅಥವಾ ಅದನ್ನ ಮೂಳೆಗೆ ಕಟ್ಟಿರೋ ಟೆಂಡನ್ ಎಳೆದುಕೊಂಡರೆ ಸ್ಟ್ರೇನ್. ಮೂಳೆಗೂ ಮೂಳೆಗೂ ನಡುವಿನ ಲಿಗಮೆಂಟ್ ಎಳೆದುಕೊಂಡರೆ ಸ್ಪ್ರೇನ್. ಸೊಂಟ ಹಿಡ್ಕೊಳ್ಳೋದು ಸಾಮಾನ್ಯವಾಗಿ ಮೊದಲನೇದು, ಕಾಲು ಹೊರಳೋದು ಎರಡನೇದು. ಯಾರ್ಡಿನಲ್ಲಿ ಕಾಲು ಹೊರಳ್ತಾ ಇದ್ದದ್ದು ಭಾರಕ್ಕಿಂತ ಹೆಚ್ಚಾಗಿ ನೆಲದಿಂದ ಅಂತಾರೆ ಮಾವ. ಈರುಳ್ಳಿ ಸಿಪ್ಪೆ, ಕೊಳೆತ ಆಲೂಗಡ್ಡೆ, ಮಳೆ ಬಿದ್ದರೆ ಮುಗೀತು. ಮೂಟೆ ಹೊತ್ತವನಿಗೆ ತನ್ನ ಕಾಲು ತನಗೆ ಕಾಣಲ್ಲ. ಗುಡಿಸೋಕೆ ಒಬ್ಬ ಆಳನ್ನ ಇಟ್ಟಿದ್ದರೆ ಅರ್ಧ ಉಳುಕು ತಪ್ಪುತಾ ಇತ್ತು, ಆದರೆ ಪೊರಕೆಗೆ ಯಾರು ದುಡ್ಡು ಕೊಡ್ತಾರೆ?

ಸೊಂಟಕ್ಕೆ ಅವರ ಚಿಕಿತ್ಸೆ ನಿಮಗೂ ಗೊತ್ತಿರಬಹುದು. ಕಾಲು ಮುಂದಾಗಿ ಹುಟ್ಟಿದವರ ಹತ್ತಿರ ಬೆನ್ನಿಗೆ ಒದೆಸಿಕೊಳ್ಳೋದು. ಯಾರ್ಡಿನ ಹತ್ತಿರದ ಟೀ ಅಂಗಡಿಯಾಕೆ ಹಾಗೆ ಹುಟ್ಟಿದವರಂತೆ, ಬೆಳಗ್ಗೆ ಬೆಳಗ್ಗೆ ಕ್ಯೂ ಇರ್ತಿತ್ತಂತೆ. ಮಾವ ಎರಡು ಸಲ ಹೋಗಿದ್ದಾರೆ, ಎರಡು ಸಲವೂ ವಾಸಿ ಆಗಿದೆ. ಸುಮ್ಮನೆ ಎಳೆದುಕೊಂಡ ಸೊಂಟ ಬಹಳಷ್ಟು ಜನರಿಗೆ ಕೆಲವು ವಾರಗಳಲ್ಲಿ ತಾನೇ ಸರಿಹೋಗುತ್ತೆ, ಹೆಸರು ಮಾತ್ರ ಒದ್ದವರಿಗೆ. ನೋವು ಕಾಲಿನವರೆಗೆ ಇಳಿದರೆ, ಪಾದ ಜೋಮು ಹಿಡಿದರೆ, ಒಂದಕ್ಕೆ ಎರಡಕ್ಕೆ ಹಿಡಿತ ತಪ್ಪಿದರೆ ಮಾತ್ರ ಒದೆಸಿಕೊಳ್ಳೋಕೆ ಹೋಗದೆ ನೇರ ಆಸ್ಪತ್ರೆಗೆ ಹೋಗಿ.

ಮಾವ ಹೇಳಿದ ಇನ್ನೊಂದು ವಿಷಯ, ದಿನದ ಮೊದಲ ಲಾರಿ ನಿಧಾನ. ಟೀ ಕುಡಿದು, ಬೀಡಿ ಸೇದಿ, ಮೇಸ್ತ್ರಿ "ಏಳ್ರಪ್ಪ" ಅಂತ ಎರಡು ಸಲ ಕೂಗಿದ ಮೇಲೇ ಏಳೋದು. ಸೋಮಾರಿತನ ಅಂತ ವರ್ತಕರು ಬೈತಾ ಇದ್ದರಂತೆ. ಆದರೆ ರಾತ್ರಿ ಮಲಗಿದಾಗ ಡಿಸ್ಕುಗಳು ನೀರು ಹೀರಿಕೊಂಡು ಉಬ್ಬಿರುತ್ತವೆ. ಬೆಳಗ್ಗೆ ನಾವೆಲ್ಲ ಒಂದೆರಡು ಸೆಂ.ಮೀ. ಎತ್ತರ ಇರೋದು ಅದಕ್ಕೇ. ಎದ್ದ ತಕ್ಷಣದ ಹೊತ್ತಿನಲ್ಲಿ ಬಗ್ಗಿದರೆ ಅವುಗಳ ಮೇಲೆ ಒತ್ತಡ ಜಾಸ್ತಿ. ನಮ್ಮ ಗೋದಾಮಿನಲ್ಲಿ ಬೆಳಗಿನ ಶಿಫ್ಟಿನ ಮೊದಲ ಗಂಟೆಯೇ ಅತಿ ಜೋರು, ಯಾಕಂದ್ರೆ ಏಳು ಗಂಟೆಗೆ ನಿಮಗೆಲ್ಲ ಹಾಲು, ಅಕ್ಕಿ ಬೇಕು.

ಭಾರದ ವಿಷಯಕ್ಕೆ ಬರ್ತೀನಿ. ಮಾವ ಕೆಲಸಕ್ಕೆ ಸೇರಿದಾಗ ಮೂಟೆ ಅಂದ್ರೆ ಕ್ವಿಂಟಾಲು, 100 ಕೆ.ಜಿ. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ವಯಸ್ಕ ಗಂಡಸೊಬ್ಬ ಹೊರೋ ಭಾರ 55 ಕೆ.ಜಿ.ಗಿಂತ ಜಾಸ್ತಿ ಇರೋ ಕಡೆ ಅದನ್ನ ಆದಷ್ಟು ಬೇಗ ಅಲ್ಲಿಗೆ ಇಳಿಸಬೇಕು ಅಂತ ಶಿಫಾರಸು ಮಾಡಿತ್ತು. ನಮ್ಮ ಯಾರ್ಡುಗಳಿಗೆ 50ರ ಚೀಲ ಬರೋಕೆ ದಶಕಗಳೇ ಹಿಡಿದವು. ಅದು ಬಂದಾಗ ಏನಾಯ್ತು ಅಂತ ಕೇಳಿದೆ.

"ಏನಾಗುತ್ತೆ, ಎರಡೆರಡು ಹೊತ್ವಿ" ಅಂದರು.

ಕೂಲಿ ಮೂಟೆ ಲೆಕ್ಕ. ಚೀಲ ಅರ್ಧ ಆದರೆ ಚೀಲದ ಕೂಲಿಯೂ ಇಳೀತು. ಅಷ್ಟೇ ದುಡ್ಡು ಬೇಕು ಅಂದ್ರೆ ಎರಡರಷ್ಟು ಸಲ ನಡೀಬೇಕು. ಪ್ರಾಯದವರು ಒಂದರ ಮೇಲೊಂದು ಎರಡು ಹೇರಿಕೊಂಡು ಹೊರಟರು. ಕಾಗದದ ಮೇಲೆ 50, ಬೆನ್ನ ಮೇಲೆ ಮತ್ತೆ 100. ಇದರಲ್ಲಿ ಯಾರ ಅವಿವೇಕವೂ ಇಲ್ಲ, ಗುಣಾಕಾರ ಅಷ್ಟೇ. ಮಹಾರಾಷ್ಟ್ರದಲ್ಲಿ 1969ರಲ್ಲೇ ಮಾಥಾಡಿ-ಹಮಾಲರ ಕಾಯ್ದೆ ಬಂತು. ನೋಂದಣಿ, ಕೂಲಿ, ಭವಿಷ್ಯನಿಧಿ ನೋಡಿಕೊಳ್ಳೋಕೆ ಮಂಡಳಿಗಳಾದವು. ಅಲ್ಲಿನವರಿಗೆ ಇದು ಅರ್ಥ ಆಗಿತ್ತು ಅನ್ಸುತ್ತೆ: ಬೆನ್ನಿನ ವಿಷಯ ಕೂಲಿಯ ವಿಷಯದಿಂದ ಬೇರೆ ಅಲ್ಲ ಅಂತ.

ನಮ್ಮ ಗೋದಾಮಿನಲ್ಲಿ ಮೂಟೆ ಲೆಕ್ಕ ಇಲ್ಲ, ಗಂಟೆಗೆ ಇಷ್ಟು ಐಟಂ ಅನ್ನೋ ಟಾರ್ಗೆಟ್ ಇದೆ. ಕೈಯಲ್ಲಿರೋ ಸ್ಕ್ಯಾನರ್ರೇ ಮೇಸ್ತ್ರಿ. ಅದಕ್ಕೆ ಚಿಪ್ಸ್ ಪ್ಯಾಕೆಟ್ಟೂ ಒಂದು ಐಟಂ, ಅಕ್ಕಿ ಮೂಟೆಯೂ ಒಂದು ಐಟಂ.

ಪೋಸ್ಟರ್ ಬದಲು ಏನು ಮಾಡಬಹುದು ಅಂತ ನೋಡೋಕೆ ಒಂದು ವಾರ ಕೆಳಗೇ ಓಡಾಡಿದೆ. ಯಾದಗಿರಿ ಕಡೆಯ ಒಬ್ಬ ಹುಡುಗ, ಇಪ್ಪತ್ತಮೂರು ಇಪ್ಪತ್ತನಾಲ್ಕಿರಬಹುದು, ಅಕ್ಕಿ ಸಾಲಿನಲ್ಲಿದ್ದ. ಬಗ್ಗುವ ಮುಂಚೆ ಪ್ರತಿ ಸಲ ಎಡಗೈಯನ್ನ ರ್‍ಯಾಕಿಗೆ ಊರ್‍ತಾ ಇದ್ದ. ನೋವಾ ಅಂತ ಕೇಳಿದೆ. ಹೂಂ ಅಂದ. ಎಷ್ಟು ದಿನದಿಂದ ಅಂದೆ. ದಸರಾದಿಂದ ಅಂದ. ನಾನು ನೋಟ್‌ಬುಕ್ ತೆಗೆದದ್ದೇ ತಡ, ಅವನ ಮುಖ ಬಿಳಿಚಿಕೊಂಡಿತು.

"ಬ್ಯಾನಿ ಅಂತ ಬರೀಬ್ಯಾಡ್ರಿ ಮೇಡಮ್ಮೋರೆ. ಮುಂದಿನ ತಿಂಗ್ಳ ಕರೆಯಂಗಿಲ್ರಿ ಅವ್ರು."

ಅವರು ಅಂದ್ರೆ ಕಾಂಟ್ರಾಕ್ಟರು. ನಾನು ಬರೀಲಿಲ್ಲ. ಮೊದಲ ವಾರದಲ್ಲೇ ಗೊತ್ತಾಗಿ, ಹಗುರ ಸಾಲಿಗೆ ಹಾಕಿದ್ದರೆ ಹದಿನೈದು ದಿನದಲ್ಲಿ ಸರಿಹೋಗಬಹುದಾಗಿದ್ದ ಸೊಂಟ ಅದು. ತಿಂಗಳುಗಟ್ಟಲೆ ಮುಚ್ಚಿಟ್ಟುಕೊಂಡು ಎತ್ತಿದ್ದಾನೆ. ಬಿದ್ದು ಕಾಲು ಮುರಿದರೆ ಅಪಘಾತ ಅಂತ ಫಾರ್ಮ್ ತುಂಬ್ತಾರೆ. ದಿನಾ ಇಷ್ಟಿಷ್ಟೇ ಸವೆದರೆ ಅದಕ್ಕೆ ಯಾವ ಫಾರ್ಮೂ ಇಲ್ಲ. ಮೇಲ್‌ನಲ್ಲಿ ಬಂದ ಗೈರುಹಾಜರಿ ಲೆಕ್ಕದಲ್ಲಿ ಇಂಥವರು ಸೇರೇ ಇಲ್ಲ, ಇವರೆಲ್ಲ ಹಾಜರಿದ್ದಾರಲ್ಲ.

ಕೊನೆಗೆ ಒಂದು ಪುಟದ ಪಟ್ಟಿ ಕೊಟ್ಟೆ. ಅಂಗಳದಲ್ಲಿ ಬಿದ್ದಿರೋ ಹಳೇ ಪ್ಯಾಲೆಟ್ಟುಗಳನ್ನ ನಾಲ್ಕೈದರಂತೆ ಪೇರಿಸಿ ಭಾರದ ಮೂಟೆಗಳನ್ನ ತೊಡೆ ಎತ್ತರಕ್ಕೆ ತರೋದು, ಟಿಶ್ಯೂ, ಚಿಪ್ಸ್‌ನಂಥ ಹಗುರದ್ದನ್ನ ನೆಲಕ್ಕೂ ತಲೆ ಮೇಲಕ್ಕೂ ಕಳಿಸೋದು. ಟ್ರಾಲಿಗಳ ಸವೆದ ಚಕ್ರ ಬದಲಾಯಿಸೋದು, ಅದರ ಹಿಡಿಯನ್ನ ಎಳೆಯೋ ಬದಲು ತಳ್ಳೋ ಹಾಗೆ ತಿರುಗಿಸೋದು. ಅಕ್ಕಿ ಸಾಲಿಗೆ ಇಬ್ಬರು, ಎರಡು ಗಂಟೆಗೊಮ್ಮೆ ಸಾಲು ಬದಲಿ. ನಾಲ್ಕನೇದು, 10 ಕೆ.ಜಿ. ಮೇಲಿನ ಐಟಂಗಳಿಗೆ ಬೇರೆ ಟಾರ್ಗೆಟ್, ಮತ್ತು ನೋವು ಅಂತ ಹೇಳಿದವನ ದಿನಗೂಲಿ ಕಟ್ಟಾಗಬಾರದು.

ಮೊದಲ ಎರಡು ಹದಿನೈದು ದಿನದಲ್ಲಿ ಆದವು. ಪ್ಯಾಲೆಟ್ ಹೇಗಿದ್ದರೂ ಬಿಟ್ಟಿ. ಮೂರನೇದು ಅರ್ಧ ಆಗಿದೆ: ಇಬ್ಬರು ಇದ್ದಾರೆ, ಜನ ಕಡಿಮೆ ಇದ್ದ ದಿನ ಒಬ್ಬ. ನಾಲ್ಕನೇದರ ಮುಂದೆ "ಬಿಸಿನೆಸ್ ಡಿಸಿಷನ್" ಅಂತ ಬರೆದು ವಾಪಸ್ ಕಳಿಸಿದರು. ಪೋಸ್ಟರನ್ನೂ ಹಾಕಿದ್ದಾರೆ, ಆಗಲೇ ಪ್ರಿಂಟ್ ಆಗಿತ್ತಲ್ಲ. ಹಸಿರು ಮನುಷ್ಯ ಅಕ್ಕಿ ಸಾಲಿನ ಎದುರಿಗೇ ಇದ್ದಾನೆ.

ಗೋದಾಮಿನ ವಿಷಯ ನಮಗ್ಯಾಕೆ ಅನ್ನೋರಿಗೆ ಒಂದು ಮಾತು. 20 ಲೀಟರ್ ನೀರಿನ ಕ್ಯಾನು ಅಂದ್ರೆ ನೀರೇ 20 ಕೆ.ಜಿ. 14.2 ಕೆ.ಜಿ.ಯ ಗ್ಯಾಸ್ ಸಿಲಿಂಡರು, ಉಕ್ಕಿನ ತೂಕವೂ ಸೇರಿ ಸುಮಾರು 30. ಎರಡನ್ನೂ ಹೊತ್ತು ತರೋರನ್ನ ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿ ಲಿಫ್ಟಿಗೆ ಸೇರಿಸಲ್ಲ. ನಮ್ಮ ಬಿಲ್ಡಿಂಗಿನ ಸಭೆಯಲ್ಲಿ ಈ ವಿಷಯ ತೆಗೆದೆ, ಗೀರು ಬೀಳುತ್ತೆ ಅಂದರು. ಲಿಫ್ಟಿನೊಳಗೆ ಹಳೇ ರಬ್ಬರ್ ಮ್ಯಾಟು ಹಾಕೋಣ ಅಂದೆ, ಒಪ್ಪಿದರು. ಎರಡು ಹನಿ ಜಗಳ, ಒಂದು ಮ್ಯಾಟು. ಈಗ ನೀರಿನವರು ಲಿಫ್ಟಿನಲ್ಲೇ ಬರ್ತಾರೆ. ಮನೆಯೊಳಗೆ ಡಿಸ್ಪೆನ್ಸರ್ ಮೇಲೆ ಎತ್ತಿಡಿ ಅಂತ ಕೇಳೋ ಬದಲು ನಾನು ಕೆಳಗಿಂದ ಎಳೆಯೋ ಸಣ್ಣ ಪಂಪ್ ತಗೊಂಡಿದ್ದೀನಿ, ಕೆಲವು ನೂರು ರೂಪಾಯಿ.

ಯಾದಗಿರಿಯ ಹುಡುಗ ಯುಗಾದಿಗೆ ಊರಿಗೆ ಹೋದವನು ವಾಪಸ್ ಬಂದಿಲ್ಲ. ರಿಜಿಸ್ಟರಿನಲ್ಲಿ ಕಾರಣ "ಸ್ವಂತ ಕೆಲಸ" ಅಂತಿದೆ. ಅಕ್ಕಿ ಸಾಲಿಗೆ ಅವನ ಜಾಗದಲ್ಲಿ ಹೊಸಬ ಬಂದಿದ್ದಾನೆ, ಹತ್ತೊಂಬತ್ತರವನು, ಬಲ ಇದೆ, ಟಾರ್ಗೆಟ್ ದಾಟಿಸ್ತಾನೆ ಅಂತ ಸೂಪರ್‌ವೈಸರ್ ಖುಷಿಯಾಗಿದ್ದಾರೆ. ನಾಲ್ಕನೇ ಅಂಶವನ್ನ ಈ ಸಲದ ರಿವ್ಯೂ ಪಟ್ಟಿಗೆ ಮತ್ತೆ ಸೇರಿಸಿದ್ದೀನಿ, ಜೊತೆಗೆ ಆ 4 ಕೆ.ಜಿ. ಲೆಕ್ಕದ ಹಾಳೆಯನ್ನೂ. ಮೀಟಿಂಗ್ ಗುರುವಾರ ಇದೆ.